ಮೂವತ್ತೆಂಟು ಜನ ಬರೆದ ಒಂದೇ ಕಾಗದ

ದುರ್ಗಿಗುಡಿ, ಶಿವಮೊಗ್ಗ
೨೭ ಅಕ್ಟೋಬರ್ ೧೯೬೪, ಮಂಗಳವಾರ

ಪ್ರೀತಿಯ ಅಮ್ಮಾ,

ನಿನ್ನ ಕಾಲು ಮುಟ್ಟಿ ಈಶ್ವರ ಕೇಳುವುದು: ಮಂಡಿ ನೋವು ಈಗ ಹೇಗಿದೆ? ಆಸ್ಪತ್ರೆಯಲ್ಲಿ ಕೊಟ್ಟ ಎಣ್ಣೆಯನ್ನು ಅತ್ತಿಗೆ ಹಚ್ಚಲು ಬಂದರೆ ಬೇಡ ಎಂದು ಕಾಲು ಮುದುರಿಕೊಳ್ಳಬೇಡ. ಕನ್ನಡಕವನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ, ಅದು ಕಣ್ಣಿಗೆ ಹಾಕಿಕೊಳ್ಳಲಿಕ್ಕೆ ಮಾಡಿಸಿದ್ದು. ಅಕ್ಕಿಯಲ್ಲಿ ಕಲ್ಲು ಸಿಕ್ಕಿತೆಂದು ಸೊಸೆಯನ್ನು ಬೈಯುವ ಮುಂಚೆ ಒಂದು ಸಲ ಹಾಕಿಕೊಂಡು ನೋಡು. ನನಗೆ ಮಳೆಗಾಲದಲ್ಲಿ ಹತ್ತಿದ್ದ ಕೆಮ್ಮು ಪೂರಾ ಹೋಗಿದೆ. ಮೆಸ್ಸಿನ ಊಟ ಚೆನ್ನಾಗಿಯೇ ಇದೆ, ಸಾರು ಮಾತ್ರ ಸೋಮವಾರದಿಂದ ಶನಿವಾರದವರೆಗೆ ಒಂದೇ. ನಾನು ಬಡಕಲಾಗಿದ್ದೇನೆ ಎಂದು ಯಾರಾದರೂ ಬಂದು ಹೇಳಿದರೆ ನಂಬಬೇಡ, ಮೊನ್ನೆಯಷ್ಟೇ ಅಂಗಿಯ ಹೊಲಿಗೆ ಬಿಚ್ಚಿಸಿ ಅಗಲ ಮಾಡಿಸಿದ್ದೇನೆ.

ಹನ್ನೊಂದು ಮೈಲಿ ದೂರಕ್ಕೆ ಮಗ ಕಾಗದ ಬರೆಯುತ್ತಾನಲ್ಲ ಎಂದು ಭದ್ರಾವತಿ ಕಾಗದನಗರದ ಪೋಸ್ಟ್‌ಮ್ಯಾನ್ ನಗುತ್ತಾನಂತೆ. ನಗಲಿ. ಜೂನ್ ತಿಂಗಳಿಂದ ಅಣ್ಣ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ, ನಾನೂ ಆ ಕಡೆ ತಲೆ ಹಾಕಿಲ್ಲ. ಮೊದಲಾದರೆ ನನ್ನ ಕಾಗದ ನಿನಗೆ ಓದಿ ಹೇಳುವವನೂ ಅವನೇ, ನೀನು ಹೇಳಿದ್ದನ್ನು ಬರೆದು ಕಳಿಸುವವನೂ ಅವನೇ ಆಗಿದ್ದ. ಈಗ ನಿನ್ನ ಕಾಗದ ಪಕ್ಕದ ಮನೆಯ ಹುಡುಗಿಯ ಅಕ್ಷರದಲ್ಲಿ ಬರುತ್ತಿದೆ. ಆದರೆ ಹೋದ ಸಲ ನೀನೇ ಬರೆಸಿದ್ದೆ, ‘ಓದೋದು ಮೂರ್ತಿನೇ ಕಣೋ, ಬೇರೆಯವ್ರು ಓದಿದ್ರೆ ನಂಗೆ ತಲೆಗೆ ಹೋಗಲ್ಲ. ಬರಿ ಅಂದ್ರೆ ಮಾತ್ರ ಒಲ್ಲೆ ಅಂತಾನೆ’ ಎಂದು. ಹಾಗಾಗಿ ಈ ಕಾಗದವೂ ಅಣ್ಣನ ಬಾಯಿಂದಲೇ ನಿನ್ನ ಕಿವಿಗೆ ಬೀಳುತ್ತಿದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಏನಾಯಿತು ನಿಮ್ಮಿಬ್ಬರಿಗೆ ಎಂದು ನಾಲ್ಕು ತಿಂಗಳಿಂದ ಕೇಳುತ್ತಿದ್ದೀಯ. ಅವನೂ ಹೇಳಿಲ್ಲ, ನಾನೂ ಹೇಳಿಲ್ಲ. ಇವತ್ತು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಾಲೇಜಿನಲ್ಲಿ ಅದು ಹೇಗೂ ಎಲ್ಲರಿಗೂ ಗೊತ್ತಾಗಿದೆ, ನಿನಗೊಬ್ಬಳಿಗೆ ಯಾಕೆ ಮುಚ್ಚಿಡಲಿ.

ಬೇಸಿಗೆಯಲ್ಲಿ ನಾನು ಮೈಸೂರಿಗೆ ತರಬೇತಿಗೆ ಹೋಗಿದ್ದೆನಲ್ಲ, ಅಲ್ಲಿಂದ ಶುರು. ಈ ವರ್ಷದಿಂದ ನಮ್ಮ ಬಿ.ಎ. ಹುಡುಗರಿಗೆ ಅಮೆರಿಕದ ಸಾಹಿತ್ಯ ಎಂಬ ಹೊಸ ಪಾಠ ಬಂದಿದೆ. ಅದನ್ನು ಹೇಳಿಕೊಡುವುದು ಹೇಗೆಂದು ತೋರಿಸಲು ಅಮೆರಿಕದಿಂದಲೇ ಒಬ್ಬ ಹೆಂಗಸು ಬಂದಿದ್ದರು. ನಮ್ಮಲ್ಲಿ ಪಾಠವೆಂದರೆ ಏನು, ಮೇಷ್ಟರು ನೋಟ್ಸ್ ಹೇಳುವುದು, ಹುಡುಗರು ತಲೆ ಎತ್ತದೆ ಬರೆದುಕೊಳ್ಳುವುದು, ಪರೀಕ್ಷೆಯಲ್ಲಿ ಅದನ್ನೇ ಇಳಿಸುವುದು. ನಾನೂ ಹಾಗೆಯೇ ಪಾಸಾದವನು. ಆ ಹೆಂಗಸು ನಲವತ್ತು ಜನ ಮೇಷ್ಟರನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ ಕೂರಿಸಿ, ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಮುಂದೇನಾಗುತ್ತದೆ ಬರೆಯಿರಿ ಎಂದರು. ತಲೆ ನರೆತ ಪ್ರೊಫೆಸರುಗಳೆಲ್ಲ ಪೆನ್ನು ಕಚ್ಚಿಕೊಂಡು ಕೂತಿದ್ದನ್ನು ನೀನು ನೋಡಬೇಕಿತ್ತು. ಪ್ರತಿ ಹುಡುಗನ ಹತ್ತಿರ ಪರೀಕ್ಷೆಗಲ್ಲದ ಒಂದು ನೋಟ್‌ಬುಕ್ ಇರಬೇಕು, ಓದಿದ್ದರ ಬಗ್ಗೆ ಅನ್ನಿಸಿದ್ದನ್ನು ಅದರಲ್ಲಿ ತನ್ನದೇ ಮಾತಿನಲ್ಲಿ ಬರೆಯಬೇಕು ಎಂದೂ ಹೇಳಿದರು. ಊಟಕ್ಕೆ ಕೂತಾಗ ಇದನ್ನೆಲ್ಲ ನಾನು ಮನೆಯಲ್ಲಿ ವರ್ಣಿಸಿದ್ದು ನಿನಗೆ ನೆನಪಿರಬಹುದು. ನೀನು ಇನ್ನೊಂದು ಮುದ್ದೆ ಹಾಕಿದೆ. ಅಣ್ಣ, ಎಷ್ಟು ಜನ ಹುಡುಗರು ಎಂದು ಮಾತ್ರ ಕೇಳಿದ.

ಆಮೇಲೆ ನಡೆದದ್ದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಕಾಗದದ ಮಿಲ್ಲಿನಲ್ಲಿ ಕೆಲಸಗಾರರ ಮಕ್ಕಳಿಗೆಂದು ಕೊಡುವ ಅಂಚು ಹರಿದ ಹಾಳೆಗಳನ್ನು ಅವನು ತಿಂಗಳಿಡೀ ಒಟ್ಟು ಮಾಡಿದ. ಪಾಳಿ ಮುಗಿಸಿ ಬಂದು ದಬ್ಬಣದಲ್ಲಿ ತೂತು ಹಾಕಿ ಹೊಲಿದ. ನೀನು ಮೈದಾ ಅಂಟು ಕಾಯಿಸಿದೆ, ಅತ್ತಿಗೆ ರಟ್ಟು ಅಂಟಿಸಿದಳು. ಜೂನ್ ತಿಂಗಳ ಎರಡನೇ ಸೋಮವಾರ ನಲವತ್ತು ಪುಸ್ತಕಗಳನ್ನು ಗೋಣಿಯಲ್ಲಿ ಕಟ್ಟಿ, ಹೆಗಲ ಮೇಲೆ ಹೊತ್ತು, ಮಿಲ್ಲಿನ ಖಾಕಿ ಬಟ್ಟೆಯಲ್ಲೇ ಅಣ್ಣ ಕಾಲೇಜಿಗೆ ಬಂದ. ವರಾಂಡದಲ್ಲಿ ನಿಂತು ನಾವು ಕಟ್ಟು ಬಿಚ್ಚುತ್ತಿದ್ದೆವು. ಅಷ್ಟರಲ್ಲಿ ಪ್ರಿನ್ಸಿಪಾಲರಾದ ಷಣ್ಮುಖಪ್ಪನವರು ಇನ್ನಿಬ್ಬರು ಮೇಷ್ಟರ ಜೊತೆ ಅಲ್ಲಿಗೆ ಬಂದರು. ಅದರ ಹಿಂದಿನ ವಾರವಷ್ಟೇ ಅಮೆರಿಕದವರು ಕಳಿಸಿದ ಕಥೆಪುಸ್ತಕಗಳ ಪೆಟ್ಟಿಗೆ ಬಂದಿತ್ತು. ಇವೂ ಅದರ ಜೊತೆಯವೇ ಎಂದುಕೊಂಡು ಒಂದನ್ನು ಕೈಗೆತ್ತಿ, ಹಾಳೆ ಸವರಿ ನೋಡಿ, ‘ಓ, ನೋಟ್‌ಬುಕ್ಕೂ ಕಳಿಸಿದ್ರಾ? ಪೇಪರ್ ನೋಡ್ರಿ ಹೆಂಗಿದೆ, ನಮ್ಮವರಿಗೆ ಬರಲ್ಲ ಇದೆಲ್ಲ’ ಎಂದರು. ಆಮೇಲೆ ಅಣ್ಣನ ಕಡೆ ತಿರುಗಿ, ‘ಆ ಮೂಲೇಲಿ ಇಡಪ್ಪ’ ಎಂದರು.

ಅಮ್ಮಾ, ನಾನು ಹೇಳಬೇಕಾಗಿದ್ದದ್ದು ಇಷ್ಟೇ: ಇವನು ನನ್ನ ಅಣ್ಣ, ಇವು ಇವನೇ ಹೊಲಿದದ್ದು, ಪೇಪರು ಭದ್ರಾವತಿಯದು. ನಾನು ಹೇಳಿದ್ದು, ‘ಹೌದು ಸಾರ್.’ ಅಣ್ಣ ನನ್ನ ಮುಖ ನೋಡಿದ. ಕಟ್ಟನ್ನು ಮೂಲೆಯಲ್ಲಿಟ್ಟು, ಜಾರಿದ್ದ ಪುಸ್ತಕಗಳನ್ನು ನೇರ ಮಾಡಿ, ಗೋಣಿ ಮಡಚಿಕೊಂಡು ಮೆಟ್ಟಿಲಿಳಿದ. ಪ್ರಿನ್ಸಿಪಾಲರು ಟೈಂ ಟೇಬಲ್ ವಿಷಯ ಎತ್ತಿದರು, ನಾನು ನಿಂತು ಕೇಳಿದೆ. ಅವರು ಹೋದ ಮೇಲೂ ನಾನು ಗೇಟಿನ ತನಕ ಹೋಗಲಿಲ್ಲ, ಕ್ಲಾಸಿಗೆ ಹೊತ್ತಾಯಿತೆಂದು ನನಗೆ ನಾನೇ ಹೇಳಿಕೊಂಡೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಹೆದರಿಕೆ ಇತ್ತು ಎಂದು ಬೇಕಾದರೆ ಬರೆಯಬಹುದು. ಅದು ಸುಳ್ಳು. ಖಾಕಿ ಬಟ್ಟೆ ನೋಡಿ ನಾಚಿಕೆಯಾಯಿತು. ನನಗೆ ಓದಲಿಕ್ಕೆ ದಾರಿ ಮಾಡಿಕೊಟ್ಟಿದ್ದೇ ಆ ಬಟ್ಟೆ.

ಇಷ್ಟು ಕೇಳಿದ ಮೇಲೆ ನೀನು ತಲೆಗೆ ಕೈ ಹೊತ್ತುಕೊಂಡಿರುತ್ತೀಯ. ಸ್ವಲ್ಪ ತಾಳು, ಉಳಿದದ್ದನ್ನೂ ಕೇಳು.

ಪಾಠ ಶುರುವಾಯಿತು. ಕ್ಲಾಸಿನಲ್ಲಿ ಮೂವತ್ತೆಂಟು ಜನ, ಅದರಲ್ಲಿ ಹುಡುಗಿಯರು ಆರು. ಎಲ್ಲರಿಗೂ ಅಣ್ಣನ ಪುಸ್ತಕ ಒಂದೊಂದು ಕೊಟ್ಟೆ. ಬೆಂಚು ತಿರುಗಿಸಿ ಎದುರುಬದುರು ಕೂರಿಸಿದರೆ ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ, ಎರಡನೇ ದಿನ ಗಲಾಟೆ ಎಷ್ಟಾಯಿತೆಂದರೆ ಪಕ್ಕದ ಕೋಣೆಯಿಂದ ತ್ರಿವಿಕ್ರಮ ಸಾರ್ ಅಟೆಂಡರನ್ನು ಕಳಿಸಿದರು. ಅವರು ನಮ್ಮ ವಿಭಾಗಕ್ಕೆ ಹಿರಿಯರು, ಅವರ ನೋಟ್ಸ್ ಹಿಡಿದು ಪಾಸಾದವರು ಜಿಲ್ಲೆಯ ತುಂಬ ಇದ್ದಾರೆ. ಒಂದು ಕಥೆಯಲ್ಲಿ ಹಿಮ ಬೀಳುತ್ತದೆ, ಹಿಮ ಯಾರೂ ಕಂಡಿಲ್ಲ. ನಾನು ಐಸ್ ಕಾರ್ಖಾನೆ, ಹತ್ತಿ ಎಂದು ಏನೇನೋ ಹೇಳಿ ಒದ್ದಾಡುತ್ತಿದ್ದಾಗ ಮಂಜಪ್ಪ ಎಂಬ ಭದ್ರಾವತಿಯ ಹುಡುಗ ಎದ್ದು, ‘ಪಲ್ಪ್ ಥರಾನಾ ಸಾರ್, ಮಿಲ್ಲಲ್ಲಿ ಕಾಗದಕ್ಕೆ ಅರೆಯೋ ಬೆಳ್ಳನೆ ಮುದ್ದೆ?’ ಎಂದ. ಇಡೀ ಕ್ಲಾಸಿಗೆ ತಟ್ಟನೆ ಅರ್ಥವಾಯಿತು. ಆದರೂ ಪ್ರತಿ ದಿನ ಕೊನೆಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು, ‘ಇದೆಲ್ಲ ಸರಿ ಸಾರ್, ಪರೀಕ್ಷೆಗೆ ಯಾವ್ದು ಬರ್ಕೊಳ್ಳೋದು?’

ಆಗಸ್ಟಿನಲ್ಲಿ ಓದಿಸಿದ ಕಥೆಯನ್ನು ನಿನಗೂ ಹೇಳುತ್ತೇನೆ. ಹಿಮದ ನಾಡಿನಲ್ಲಿ ಒಂದು ಒಂಟಿ ಮನೆ. ಅಲ್ಲಿ ಅಣ್ಣ ತಮ್ಮ ಇಬ್ಬರೇ. ಹತ್ತು ವರ್ಷದಿಂದ ಅವರಿಗೆ ಮಾತಿಲ್ಲ. ಅಡುಗೆ ಒಂದೇ ಒಲೆಯ ಮೇಲೆ, ಮಲಗುವುದು ಒಂದೇ ಸೂರಿನಡಿ. ಏನಾದರೂ ಹೇಳಲೇಬೇಕಾದರೆ ನಾಯಿಗೆ ಹೇಳುತ್ತಾರೆ. ಸೌದೆ ಮುಗಿದಿದೆ ಅಂತ ಅವನಿಗೆ ಹೇಳು ಎಂದು ಅಣ್ಣ ನಾಯಿಗೆ ಹೇಳಿದರೆ, ಗೊತ್ತು ಅಂತ ಅವನಿಗೆ ಹೇಳು ಎಂದು ತಮ್ಮ ಅದೇ ನಾಯಿಗೆ ಹೇಳುತ್ತಾನೆ. ಒಂದು ದಿನ ನಾಯಿ ಸಾಯುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಹುಡುಗರು ನಾಯಿಯ ಮಾತಿಗೆ ಬಿದ್ದು ಬಿದ್ದು ನಕ್ಕರು. ಜಗಳ ಯಾಕಾಯಿತೆಂದು ಕಥೆಯಲ್ಲಿ ಎಲ್ಲೂ ಇಲ್ಲ. ಅದನ್ನೇ ಬರೆಯಿರಿ ಎಂದೆ. ನೀವೇ ಆ ತಮ್ಮ ಎಂದುಕೊಂಡು ಅಣ್ಣನಿಗೆ ಒಂದು ಕಾಗದ ಬರೆಯಿರಿ, ಯಾಕೆ ಮಾತು ನಿಂತಿತು ಎಂಬುದು ಅದರಲ್ಲಿರಲಿ. ಎಲ್ಲರೂ ಪಿಳಿಪಿಳಿ ನೋಡುತ್ತ ಕೂತರು. ಹೀಗೆ ಶುರು ಮಾಡಬಹುದು ಎಂದು ತೋರಿಸಲಿಕ್ಕೆ ಬೋರ್ಡಿನ ಮೇಲೆ ನಾಲ್ಕು ಸಾಲು ಬರೆಯಲು ಹೋದೆ.

ನಾಲ್ಕು ಸಾಲು ನಲವತ್ತಾಯಿತು. ನೀನು ಹೊಲಿದು ಹೊತ್ತು ತಂದ ಪುಸ್ತಕಗಳನ್ನು ಯಾರೋ ದೊಡ್ಡವರು ಪರದೇಶದವರ ಕೊಡುಗೆ ಎಂದರು, ನಾನು ಹೌದು ಎಂದೆ, ನೀನು ಕಟ್ಟನ್ನು ಮೂಲೆಯಲ್ಲಿಟ್ಟು ಹೋದೆ, ಆ ಒಂದು ಮಾತಿನಿಂದ ನನಗೆ ಆಮೇಲೆ ಬಾಯೇ ಇಲ್ಲದಂತಾಯಿತು ಎಂದು ಇಂಗ್ಲಿಷಿನಲ್ಲಿ ಬೋರ್ಡು ತುಂಬ ಬರೆದೆ. ಹಿಂದೆ ಕ್ಲಾಸಿದೆ ಎಂಬುದೇ ಮರೆತಿತ್ತು. ಗಂಟೆ ಹೊಡೆಯಿತು, ಕೈಯ ಸೀಮೆಸುಣ್ಣ ಒರೆಸಿಕೊಂಡು ಹೊರಟುಬಿಟ್ಟೆ. ಇದು ಮಾದರಿ ಅಷ್ಟೇ, ನಿಮ್ಮದು ನೀವು ಬರೆಯಿರಿ ಎಂದು ಹೇಳಲಿಲ್ಲ. ಮೇಷ್ಟರು ಬೋರ್ಡಿನ ಮೇಲೆ ಬರೆದದ್ದು ನಮ್ಮ ಹುಡುಗರಿಗೆ ನೋಟ್ಸ್ ಅಲ್ಲದೆ ಇನ್ನೇನು? ಎರಡು ತಿಂಗಳಿಂದ ಕಾಯುತ್ತಿದ್ದ ನೋಟ್ಸ್ ಕೊನೆಗೂ ಸಿಕ್ಕಿತೆಂದು ಮೂವತ್ತೆಂಟು ಜನವೂ ಕಾಮಾ ಫುಲ್‌ಸ್ಟಾಪ್ ಬಿಡದೆ ಇಳಿಸಿಕೊಂಡಿದ್ದಾರೆ. ಅದೂ ಅಣ್ಣ ಹೊಲಿದ ಪುಸ್ತಕದಲ್ಲೇ.

ಸೆಪ್ಟೆಂಬರಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಆ ಅಣ್ಣತಮ್ಮಂದಿರ ಮೇಲೆ ಒಂದು ಪ್ರಶ್ನೆ ಬಂತು, ಎಲ್ಲರೂ ಬೋರ್ಡಿನಿಂದ ಇಳಿಸಿಕೊಂಡದ್ದನ್ನೇ ಬರೆದರು. ಉತ್ತರಪತ್ರಿಕೆ ತಿದ್ದಿದವರು ತ್ರಿವಿಕ್ರಮ ಸಾರ್. ದಸರಾ ರಜೆ ಮುಗಿದ ದಿನ ಪ್ರಿನ್ಸಿಪಾಲರ ಕೋಣೆಗೆ ನನಗೆ ಕರೆ ಬಂತು. ಮೇಜಿನ ಮೇಲೆ ಮೂವತ್ತೆಂಟು ಪತ್ರಿಕೆ, ಪ್ರತಿಯೊಂದರಲ್ಲೂ ಕೆಂಪು ಗೆರೆ. ಕಥೆಯನ್ನು ಮೂರು ಸಲ ಓದಿದೆ, ಆ ಹಿಮದ ಮನೆಯಲ್ಲಿ ನೋಟ್‌ಬುಕ್ ಹೊಲಿಯುವ ಅಣ್ಣ ಯಾವ ಪುಟದಲ್ಲಿದ್ದಾನೆ ತೋರಿಸಿ ಎಂದು ತ್ರಿವಿಕ್ರಮ ಸಾರ್ ಪುಸ್ತಕವನ್ನು ನನ್ನ ಮುಂದೆ ಸರಿಸಿದರು. ಅವರದು ತಪ್ಪೆಂದು ನಾನು ಹೇಳಲಾರೆ, ಅವರು ನ್ಯಾಯವಾಗಿಯೇ ಕೇಳಿದರು. ಒಂದೋ ಕ್ಲಾಸಿಗೆ ಕ್ಲಾಸೇ ನಕಲು ಹೊಡೆದಿದೆ, ಇಲ್ಲವೇ ಮೇಷ್ಟರು ಇಲ್ಲದ ಕಥೆ ಹೇಳಿಕೊಟ್ಟಿದ್ದಾರೆ. ನಕಲಾದರೆ ಎಲ್ಲರಿಗೂ ಸೊನ್ನೆ, ನಾಳೆಯಿಂದ ಬೆಂಚು ಮೊದಲಿನ ಹಾಗೆ ಹಾಕಿಸಿ ನೋಟ್ಸ್ ಹೇಳಬೇಕು ಎಂದು ಪ್ರಿನ್ಸಿಪಾಲರು ಹೇಳಿದರು.

ನಕಲು ಎಂದು ಒಪ್ಪಿಕೊಂಡಿದ್ದರೆ ನಾನು ಬಚಾವು. ಒಂದು ಸಲ ಹೌದು ಸಾರ್ ಎಂದು ರೂಢಿಯಾದವನಿಗೆ ಇನ್ನೊಂದು ಸಲ ಅನ್ನುವುದು ಕಷ್ಟವೇನಲ್ಲ. ಬಾಯಿಗೂ ಬಂದಿತ್ತು. ಮೇಲಿದ್ದ ಪತ್ರಿಕೆ ಮಂಜಪ್ಪನದು, ದುಂಡಗಿನ ಅಕ್ಷರದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: ನೀನು ಕಟ್ಟನ್ನು ಮೂಲೆಯಲ್ಲಿಟ್ಟು ಹೋದೆ. ಆಗ ಹೇಳಿದೆ, ‘ಹುಡುಗರದು ತಪ್ಪಿಲ್ಲ ಸಾರ್. ಅದು ಕಥೆಯದಲ್ಲ, ನಂದು. ಆ ನೋಟ್‌ಬುಕ್ ಅಮೆರಿಕದ್ದಲ್ಲ, ನಮ್ಮಣ್ಣ ಹೊಲಿದಿದ್ದು. ಆವತ್ತು ತಂದವನು ನಮ್ಮಣ್ಣ.’ ತ್ರಿವಿಕ್ರಮ ಸಾರ್ ಕನ್ನಡಕ ತೆಗೆದು ಒರೆಸತೊಡಗಿದರು. ಪ್ರಿನ್ಸಿಪಾಲರು ಪತ್ರಿಕೆಗಳನ್ನು ಒಟ್ಟು ಮಾಡುತ್ತ, ‘ಮೂಲೇಲಿ ಇಡು ಅಂದಿದ್ದು ನಾನೇ ಅಲ್ವೇನ್ರಿ’ ಎಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಅಣ್ಣನ ಹೆಸರು ಕೇಳಿದರು. ಮೂರ್ತಪ್ಪ ಎಂದೆ.

ಆ ಪ್ರಶ್ನೆಯನ್ನು ಇನ್ನೊಮ್ಮೆ ಬರೆಸಬೇಕು, ಈ ಸಲ ಎರಡು ಉತ್ತರ ಒಂದೇ ಥರ ಇರಬಾರದು ಎಂದು ಅಪ್ಪಣೆಯಾಯಿತು. ಕ್ಲಾಸಿಗೆ ಹೋಗಿ ಮೊದಲು ನಾನು ಎಲ್ಲ ಹೇಳಿದೆ. ಅದು ನನ್ನ ಕಾಗದ, ನೀವು ನಿಮ್ಮದು ಬರೆಯಿರಿ ಎಂದೆ. ಯಾರೂ ನಗಲಿಲ್ಲ. ಅವತ್ತು ಹುಡುಗರು ಬರೆದದ್ದನ್ನು ಓದಿದರೆ ನೀನು ಆಶ್ಚರ್ಯಪಡುತ್ತೀಯ. ಒಬ್ಬ ಬಾವಿಯ ನೀರಿಗೆ ಜಗಳ ಮಾಡಿಸಿದ್ದಾನೆ, ಒಬ್ಬ ಎತ್ತು ಮಾರಿದ್ದಕ್ಕೆ, ಇನ್ನೊಬ್ಬ ತಂಗಿಯ ಮದುವೆಯಲ್ಲಿ ಯಾರು ಧಾರೆ ಎರೆಯಬೇಕು ಎಂಬುದಕ್ಕೆ. ಮಂಜಪ್ಪ ನಾಯಿ ಯಾರದು ಎಂಬುದಕ್ಕೇ ಜಗಳ ಹಚ್ಚಿದ್ದಾನೆ. ಮೂವತ್ತೇಳು ಜನಕ್ಕೆ ಮೂವತ್ತೇಳು ಜಗಳ.

ಗಾಜನೂರಿನಿಂದ ಬರುವ ಶಂಕರಮ್ಮ ಎಂಬ ಹುಡುಗಿ ಮಾತ್ರ ಜಗಳ ಬರೆಯಲಿಲ್ಲ. ಕ್ಲಾಸಿನಲ್ಲಿ ಯಾವತ್ತೂ ಬಾಯಿ ಬಿಡದವಳು ಎದ್ದು ನಿಂತು, ನಿಮ್ಮ ಕಾಗದಕ್ಕೆ ಅಣ್ಣನ ಉತ್ತರ ಬರೆಯಬಹುದೇ ಎಂದು ಕೇಳಿದಳು. ಬರೆದಳು. ಅವಳ ಇಂಗ್ಲಿಷಿನಲ್ಲಿ ತಪ್ಪಿತ್ತು, ನಾನು ತಿದ್ದಲಿಲ್ಲ. ಅದರ ಅರ್ಥ ಹೀಗೆ: ‘ತಮ್ಮಾ, ಪುಸ್ತಕಕ್ಕೆ ಯಾರ ಹೆಸರು ಹೇಳಿದರೂ ನನಗೇನೂ ಇಲ್ಲ. ಕಾಗದ ಮಾಡಿದವರ ಹೆಸರನ್ನು ಅದರ ಮೇಲೆ ಯಾರೂ ಬರೆಯುವುದಿಲ್ಲ, ಅದು ನನಗೆ ಅಭ್ಯಾಸ. ಆದರೆ ನಾನು ಗೇಟಿನ ಹತ್ತಿರ ನಿಂತಿದ್ದೆ. ನೀನು ಬರುತ್ತೀಯ ಎಂದು ಒಂದು ಬಸ್ಸು ಬಿಟ್ಟೆ.’ ಇದು ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ‘ಗೊತ್ತಿಲ್ಲ ಸಾರ್. ನಮ್ಮಣ್ಣ ಆಗಿದ್ರೆ ಹಂಗೇ ಮಾಡೋನು’ ಎಂದಳು. ನಾನು ಸ್ಟಾಫ್ ರೂಮಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತು ಅತ್ತೆ ಅಮ್ಮಾ, ತ್ರಿವಿಕ್ರಮ ಸಾರ್ ನೋಡಿಯೂ ನೋಡದವರ ಹಾಗೆ ಎದ್ದು ಹೋದರು.

ನಾಲ್ಕು ತಿಂಗಳು ನಾನು ನಿನಗೆ ವಾರಕ್ಕೊಂದು ಕಾಗದ ಬರೆದೆ. ಅದರಲ್ಲಿ ಅಣ್ಣನ ಕೆಮ್ಮು ಹೇಗಿದೆ ಕೇಳು, ಪಾಳಿ ಬದಲಾಯಿತಾ ಕೇಳು, ಚಳಿಗೆ ಸ್ವೆಟರ್ ಹಾಕಿಕೊಳ್ಳಲು ಹೇಳು ಎಂದು ಬರೆಯುತ್ತಲೇ ಬಂದೆ, ಓದುವವನು ಅವನೇ ಎಂದು ಗೊತ್ತಿದ್ದೂ. ಆ ಕಥೆಯ ನಾಯಿಯ ಕೆಲಸವನ್ನು ನಾವಿಬ್ಬರೂ ಸೇರಿ ನಿನಗೆ ಹಚ್ಚಿದ್ದೇವೆ. ಹೆತ್ತ ತಾಯಿಯನ್ನು ನಾಯಿಗೆ ಹೋಲಿಸಿದ ಎಂದು ಬೈಯಬೇಡ. ಬೈಯುವುದಾದರೆ ಭಾನುವಾರ ಎದುರಿಗೇ ಬೈಯಿ, ದೀಪಾವಳಿ ಹಬ್ಬಕ್ಕೆ ಮುಂಚೆ ನಾನು ಬರುತ್ತಿದ್ದೇನೆ. ನೀರು ತುಂಬುವ ಹಬ್ಬದ ದಿನ ಹಂಡೆ ನೀನು ಎತ್ತಬೇಡ, ನಾನಿರುತ್ತೇನೆ.

ಅತ್ತಿಗೆಗೆ ನನ್ನ ನಮಸ್ಕಾರ. ಪಕ್ಕದ ಮನೆಯ ಹುಡುಗಿಗೆ ಅಕ್ಷರ ಚೆನ್ನಾಗಿದೆ ಎಂದು ಹೇಳು. ನೀನು ಎಣ್ಣೆ ಹಚ್ಚಿಸಿಕೋ, ಕನ್ನಡಕ ಹಾಕಿಕೋ, ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ಕಿರಿ ಮಗ,
ಈಶ್ವರ

ವಿ.ಸೂ.: ಅಣ್ಣಾ, ಲಕೋಟೆ ಅಂಟಿಸುವ ಮೊದಲು ಒಮ್ಮೆ ಓದಿಕೊಂಡೆ. ಓದಿದಾಗ ಹೊಳೆಯಿತು, ನಾನು ಮಾಡಿದ ತಪ್ಪನ್ನು ಅಮ್ಮನೆದುರು ಹೇಳುವ ಕೆಲಸವನ್ನೂ ನಿನ್ನ ಬಾಯಿಗೇ ಹೊರಿಸಿದ್ದೇನೆ. ಪುಸ್ತಕದ ಕಟ್ಟು ಹೊತ್ತವನೂ ನೀನೇ, ಇದನ್ನು ಹೊರುವವನೂ ನೀನೇ ಎಂದರೆ ನಾನು ಕಲಿತದ್ದೇನು? ಹರಿದು ಬೇರೆ ಬರೆಯೋಣವೆಂದರೆ ಟಪಾಲಿನ ಹೊತ್ತಾಗಿದೆ, ಬರೆಯದೆ ಬಿಟ್ಟರೆ ಮತ್ತೆ ನಾಲ್ಕು ತಿಂಗಳಾಗುತ್ತದೆ ಎಂಬ ಹೆದರಿಕೆಯೂ ಇದೆ. ಅದಕ್ಕೇ ಈ ಹಾಳೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಮಡಚುತ್ತೇನೆ, ಅಮ್ಮನಿಗೆ ಓದುವ ಮೊದಲೇ ನಿನ್ನ ಕಣ್ಣಿಗೆ ಬೀಳಲಿ, ನೀನು ಹೀಗೆ ಮಾಡು. ಮಂಡಿ ನೋವು, ಮೆಸ್ಸಿನ ಸಾರು, ಹಿಮದ ಕಥೆ, ಭಾನುವಾರ ಬರುತ್ತೇನೆ ಎಂಬುದು, ಇಷ್ಟನ್ನು ಅಮ್ಮನಿಗೆ ಓದು. ನಡುವಿನದನ್ನು ನಿನ್ನ ಮನಸ್ಸಿನಲ್ಲೇ ಓದಿಕೊಂಡು ಮಡಚಿಡು. ಅದನ್ನು ಭಾನುವಾರ ನಿಮ್ಮಿಬ್ಬರ ಮುಂದೆ ಕೂತು ನಾನೇ ಹೇಳುತ್ತೇನೆ.